ಬರಕತ್ತಿನ ಬಂದಾ ರೂಪಾಯಿ

ಬರಕತ್ತು ಎಂದರೇನು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಅರ್ಥ ಹೇಳುವುದಿಲ್ಲ, ಯಾರ ಮನೆಯಲ್ಲಿ ಅದು ಇಲ್ಲ ಎಂಬುದನ್ನು ಹೇಳುತ್ತಾರೆ. "ಅವರ ಮನ್ಯಾಗ ಎಷ್ಟ ತಂದ ಹಾಕಿದ್ರೂ ಬರಕತ್ತಿಲ್ಲ ನೋಡವ್ವ" ಎನ್ನುವಾಗ ಹೇಳುವವರ ಮುಖದಲ್ಲಿ ಎಂಥ ತೃಪ್ತಿ! ಹೀಗೆ ನೆರೆಮನೆಯವರ ತಾಪತ್ರಯದಿಂದಲೇ ನಾನು ಆ ಮಾತಿನ ಅರ್ಥ ಕಲಿತೆ. ಅದು ಸಿರಿತನವಲ್ಲ, ಅದೃಷ್ಟವೂ ಅಲ್ಲ. ಇದ್ದದ್ದು ಸಾಲುವುದು, ಅಷ್ಟೇ. ನಾಲ್ಕು ಜನರ ಅಡಿಗೆಯಲ್ಲಿ ಆರು ಜನ ಉಂಡು ಎದ್ದರೆ ಆ ಮನೆಯಲ್ಲಿ ಬರಕತ್ತಿದೆ ಎಂದು ಲೆಕ್ಕ. ಉಣ್ಣದೆ ಎದ್ದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಅಡಿಗೆ ಮಾಡಿದವಳೇ ಆಗಿರುತ್ತಾಳೆ.

ಈ ಬರಕತ್ತಿಗೆ ಕೂರಲು ಒಂದು ಜಾಗ ಬೇಕು. ಆ ಜಾಗವೇ ಬಂದಾ ರೂಪಾಯಿ, ಎಂದರೆ ಹಳೆಯ ಕಾಲದ ಇಡೀ ಬೆಳ್ಳಿಯ ರೂಪಾಯಿ. ಅದನ್ನು ಖರ್ಚು ಮಾಡಬಾರದು, ಮುರಿಸಬಾರದು, ಮಾರಬಾರದು. ಸುಮ್ಮನೆ ಇಟ್ಟುಕೊಂಡಿರಬೇಕು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ, ಒಕ್ಕಲುತನದವರು ಜೋಳದ ಕಣಜದ ತಳದಲ್ಲಿ, ಹೆಂಗಸರು ಸೀರೆಯ ಟ್ರಂಕಿನ ಅಡಿಯಲ್ಲಿ ಇಡುತ್ತಿದ್ದರು. ಬರಬರುತ್ತ ಆ ರೂಪಾಯಿಗೇ ಬರಕತ್ತು ಎಂದು ಹೆಸರಾಯಿತು. ಮಾತು ಬಂದದ್ದು ನಮ್ಮ ಸವಣೂರಿನ ಉರ್ದು ಮಾತಾಡುವ ಓಣಿಗಳಿಂದ. ನಮ್ಮವರು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ನಮ್ಮದೇ ಎಂದುಬಿಟ್ಟರು. ದುಡಿಯುವವರು ದುಡಿಯುತ್ತಿದ್ದರು, ಬರಕತ್ತು ಮೂಲೆಯಲ್ಲಿ ಕೂತು ಹೆಸರು ಪಡೆಯುತ್ತಿತ್ತು. ಇಂಥ ಗಂಡಸರನ್ನೂ ನಾನು ಕಂಡಿದ್ದೇನೆ, ಆದರೆ ಅವರಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ.

ನಮ್ಮದು ಸವಣೂರಿನಲ್ಲಿ ಖಾರದ ಅಂಗಡಿ, ಎಂದರೆ ಕಡಲೆ ಹಿಟ್ಟಿನ ಕರಿದ ತಿಂಡಿಯದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕಡಾಯಿ ಮುಂದೆ ಕೂತ. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿದ್ದ ಬರಕತ್ತಿನ ರೂಪಾಯಿ ನಮ್ಮಜ್ಜಿಯ ಕಾಲದ್ದು. ಅದರ ಮೇಲೆ ಒಬ್ಬ ಇಂಗ್ಲಿಷರ ರಾಜನಿದ್ದ. ತಲೆ ಬೋಳು, ಗಡ್ಡ ಮಾತ್ರ ಭರ್ಜರಿ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆ ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿ, ಹತ್ತಿ ಮತ್ತು ಜೋಳ ಬೆಳೆಯುವ ಒಕ್ಕಲುತನದ ಮನೆ.

ಹೆಣ್ಣನ್ನು ಕಳಿಸುವಾಗ ನಮ್ಮಲ್ಲಿ ಉಡಿ ತುಂಬುತ್ತಾರೆ. ಸೀರೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಒಂದು ಕುಬಸದ ಖಣ ಹಾಕುತ್ತಾರೆ. ತುಂಬಿದ ಉಡಿಯಿಂದ ಒಂದು ಚಿಟಿಕೆ ಅಕ್ಕಿಯನ್ನು ಹುಡುಗಿ ತವರಿನ ಮೊರಕ್ಕೆ ತಿರುಗಿ ಹಾಕಬೇಕು. ಇಲ್ಲದಿದ್ದರೆ ಮನೆಯ ಬರಕತ್ತೆಲ್ಲ ಅವಳ ಬೆನ್ನು ಹತ್ತಿ ಹೋಗುತ್ತದಂತೆ. ನಾನು ಅಕ್ಕಿ ತೆಗೆಯಲು ಉಡಿಗೆ ಕೈ ಹಾಕಿದಾಗ ಹಸಿರು ಖಣದ ಮಡಿಕೆಯಲ್ಲಿ ಏನೋ ಗಟ್ಟಿಯಾದದ್ದು ಸಿಕ್ಕಿತು. ಮುಟ್ಟಿದ ಕೂಡಲೇ ತಿಳಿಯಿತು. ಅವ್ವನ ಮುಖ ನೋಡಿದೆ. ಅವಳು ನನ್ನ ಮುಷ್ಟಿಯನ್ನು ಒತ್ತಿ ಮುಚ್ಚಿ, ಅಳುವವಳ ಹಾಗೆ ಕಿವಿಯ ಹತ್ತಿರ ಬಗ್ಗಿ, "ಇರ್ಲಿ. ಅಲ್ಲಿ ನಿನ್ನ ಮಾತ ಯಾರೂ ಕೇಳಲಾರದ ದಿನಾ ಇದ ಮಾತಾಡ್ತೈತಿ" ಎಂದಳು. ಅಣ್ಣ ಅಂಗಳದಲ್ಲಿ ಎತ್ತಿನ ಬಂಡಿಯವನ ಜೊತೆ ಬಾಡಿಗೆಯ ಜಗಳದಲ್ಲಿದ್ದ.

ಗಂಡನ ಮನೆಯಲ್ಲಿ ಮೊದಲು ನೋಡಿದ್ದು ನನ್ನ ಕಾಲ್ಗುಣ. ನಾನು ಹೊಸ್ತಿಲು ದಾಟಿದ ಸಂಜೆಯೇ ಎಮ್ಮೆ ಒದ್ದು ಹಾಲಿನ ಚರಿಗೆ ಉರುಳಿಸಿತು. ಆ ಎಮ್ಮೆ ಮೊದಲಿನಿಂದಲೂ ಒದೆಯುವ ಎಮ್ಮೆ ಎಂದು ನನಗೆ ಆಮೇಲೆ ಗೊತ್ತಾಯಿತು. ವಾರದೊಳಗೆ ಬಾವಿಯ ಹಗ್ಗ ಹರಿಯಿತು. ಅದರ ಮಾರನೆಯ ದಿನ ಎತ್ತು ಕುಂಟಿತು. ಅತ್ತೆ ಒಡೆದದ್ದು ಒಡಕು ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ ಎಂಬ ಗಾದೆಯನ್ನು ಕಟ್ಟಿದವಳು ಆ ಊರಿನವಳೇ ಇರಬೇಕು. ನನ್ನ ಅತ್ತೆ ಬಾಯಿ ಮಾಡುವ ಹೆಂಗಸಲ್ಲ. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆಯ ಮೇಲಿನ ಸೆರಗು ಜಾರದಂತೆ ಹೊಲ ಮನೆ ಎರಡನ್ನೂ ನಡೆಸಿದವಳು. ಅವಳು ಎತ್ತಿನ ಕಾಲು ನೋಡುತ್ತಿದ್ದಳು, ಆಮೇಲೆ ನನ್ನ ಕಾಲು ನೋಡುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು. ನಮ್ಮ ಮನೆಯವರು, ಎಂದರೆ ನನ್ನ ಗಂಡ, ಇಂಥ ಹೊತ್ತಿನಲ್ಲಿ ಮಾಳಿಗೆಯ ತೊಲೆಗಳನ್ನು ಪರೀಕ್ಷಿಸುತ್ತಿದ್ದರು. ಆ ತೊಲೆಗಳನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಒಂದು ದಿನ ಅತ್ತೆ ನನ್ನ ಟ್ರಂಕಿನಲ್ಲಿ ಹಾಸಿಗೆಯ ಚಾದರ ಹುಡುಕುವಾಗ ಹಸಿರು ಖಣ ಬಿಚ್ಚಿಕೊಂಡು ರೂಪಾಯಿ ನೆಲಕ್ಕೆ ಬಿತ್ತು. ಬೆಳ್ಳಿಯ ಸಪ್ಪಳಕ್ಕೆ ಅವಳ ಕಣ್ಣು ಅರಳಿದವು.

"ಇದೇನ ತಂಗಿ?"

"ನಮ್ಮ ಅಂಗಡಿ ಬರಕತ್ತರಿ. ಅವ್ವ ಉಡಿಯಾಗ ಹಾಕ್ಯಾಳ."

"ಅಯ್ಯ ನಮ್ಮವ್ವ, ಇದನ್ನ ಚಾದರದಾಗ ಮುಚ್ಚಿ ಇಟ್ಟೀಯಲ್ಲ" ಎಂದು ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡು ಎದ್ದವಳೇ ದೇವರ ಜಗಲಿಯ ಮೇಲೆ ಇಟ್ಟಳು.

ಅಂದಿನಿಂದ ನನ್ನ ಕಷ್ಟ ತೀರಿತು, ಸಿಟ್ಟು ಶುರುವಾಯಿತು. ಎಮ್ಮೆಯ ಕೆಚ್ಚಲಿಗೆ ಬಾವು ಬಂದಿದೆ ಎಂದು ಕಂಡುಹಿಡಿದು, ಬಿಸಿನೀರಿನ ಕಾವು ಕೊಟ್ಟು, ಅದರಿಂದ ಎರಡು ಸಲ ಒದೆಸಿಕೊಂಡು ವಾಸಿ ಮಾಡಿದವಳು ನಾನು. ಎಮ್ಮೆ ಹಾಲು ಕೊಟ್ಟಿತು. ಅತ್ತೆ ಜಗಲಿಗೆ ಕೈಮುಗಿದಳು. ಹತ್ತಿ ಬಿಡಿಸುವ ಆಳುಗಳ ಜೊತೆ ಬಿಸಿಲಲ್ಲಿ ಬಗ್ಗಿ ನಡು ಮುರಿದುಕೊಂಡವಳು ನಾನು. ಹತ್ತಿಗೆ ಒಳ್ಳೆಯ ಧಾರಣೆ ಸಿಕ್ಕಿತು. ಜಗಲಿಗೆ ಹೂವು ಏರಿತು. ಎತ್ತು ಕುಂಟುವುದನ್ನು ಬಿಟ್ಟದ್ದೂ ಆ ಗಡ್ಡದವನ ದಯೆಯೇ. ಶುಕ್ರವಾರ ಬಂದರೆ ಅತ್ತೆ ಅವನ ಬೋಳುತಲೆಗೆ ಅರಿಷಿಣ ಬಳಿದು, ಹಣೆಗೆ ಕುಂಕುಮ ಇಟ್ಟು, ಗಡ್ಡಕ್ಕೆ ಊದಿನಕಡ್ಡಿಯ ಹೊಗೆ ಹಿಡಿದು "ತಾಯಿ ಲಕ್ಷ್ಮಿ" ಎನ್ನುತ್ತಿದ್ದಳು. ಇಂಥ ಗಡ್ಡದ ಲಕ್ಷ್ಮಿಯನ್ನು ಹಿರೇಕೆರೂರ ತಾಲೂಕು ಹಿಂದೆ ಕಂಡಿರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ನಮಸ್ಕಾರ ಮಾಡಿ ಹೋಗುತ್ತಿದ್ದರು. "ಭಾಳ ಚಲೋ ಸೊಸಿ ಸಿಕ್ಕಾಳ ನೋಡ್ರಿ ನಿಮಗ" ಎಂದು ಅವರು ಜಗಲಿ ನೋಡುತ್ತಲೇ ಹೇಳುತ್ತಿದ್ದರು.

ನಾನು ಒಮ್ಮೆ ಗಂಡನನ್ನು ಕೇಳಿದೆ: "ಈ ಮನ್ಯಾಗ ಸೊಸಿ ನಾನೋ, ಆ ರೂಪಾಯೋ?" ಅವರು ತೊಲೆ ನೋಡಿ, "ಇಬ್ರೂ ಇರ್ರಿ" ಎಂದರು.

ಅತ್ತ ಸವಣೂರಿನಲ್ಲಿ ಅಣ್ಣನ ವ್ಯಾಪಾರ ಇಳಿಯಿತು. ಕಾರಣ ಎಲ್ಲರಿಗೂ ಗೊತ್ತಿತ್ತು. ಅಪ್ಪ ಖಾರಕ್ಕೆ ಶೇಂಗಾ ಎಣ್ಣೆ ಹಾಕುತ್ತಿದ್ದ, ದಿನಾ ಹೊಸ ಎಣ್ಣೆ. ಅಣ್ಣ ಯಾವುದೋ ಅಗ್ಗದ ಎಣ್ಣೆ ತಂದು, ಅದನ್ನು ಕಪ್ಪಾಗುವ ತನಕ ಕಾಯಿಸುತ್ತಿದ್ದ. ಎದುರಿಗೆ ಇನ್ನೊಂದು ಖಾರದ ಅಂಗಡಿ ತೆರೆಯಿತು, ಗಿರಾಕಿಗಳು ರಸ್ತೆ ದಾಟಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಣ್ಣನಿಗೆ ಎಣ್ಣೆಯ ವಾಸನೆ ಬರಲಿಲ್ಲ, ಗಲ್ಲಾಪೆಟ್ಟಿಗೆಯ ಮೂಲೆ ಖಾಲಿ ಇರುವುದು ಮಾತ್ರ ಕಂಡಿತು. "ತರೂದು ಬ್ಯಾಡ, ಅದ ಆಕಿ ಉಡೀದು" ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳಂತೆ. ಅದಕ್ಕೇ ಅವಳಿಗೆ ತಿಳಿಸದೆ, ಕಡಲೆ ಖರೀದಿಗೆ ಹೋಗುತ್ತೇನೆ ಎಂದು ಹೇಳಿ, ನನ್ನ ಮದುವೆಯಾದ ಎರಡನೆಯ ವರ್ಷ ಅವನು ನಮ್ಮ ಊರಿಗೆ ಬಂದ. ಕೈಯಲ್ಲಿ ಒಂದು ಪೊಟ್ಟಣ ಖಾರವಿತ್ತು. ನಮ್ಮ ನಾಯಿ ಅದನ್ನು ಮೂಸಿ ಬಿಟ್ಟಿತು.

ಚಹಾ ಆಯಿತು, ಊಟವಾಯಿತು. ಮಳೆ, ಬೆಳೆ, ಹಾನಗಲ್ಲಿನ ಭತ್ತ, ಶಿಗ್ಗಾಂವದ ಧಾರಣೆ, ಬಂಕಾಪುರದ ಹೊಲಗಳಲ್ಲಿ ನವಿಲಿನ ಕಾಟ, ಎಲ್ಲದರ ಮೇಲೆ ಹಾದು ಅಣ್ಣ ಕೊನೆಗೆ ಜಗಲಿಯ ಹತ್ತಿರ ಬಂದ.

"ಅತ್ತಿಯಾರ, ಅಂಗಡ್ಯಾಗ ಎಷ್ಟ ಬಡಿದಾಡಿದ್ರೂ ಹತ್ತೂದಿಲ್ಲ. ಅದನ್ನಷ್ಟ ಒಂದ ವರ್ಷದ ಮಟ್ಟಿಗೆ ಕೊಟ್ರ, ಮತ್ತ ತಂದ ಇಡ್ತೇನಿ."

ಅತ್ತೆ ಅಡಿಕೆ ಕತ್ತರಿಸುತ್ತಿದ್ದಳು. ಅದನ್ನು ನಿಲ್ಲಿಸದೆ, ಒಂದಿಷ್ಟೂ ಸಿಟ್ಟಿಲ್ಲದೆ, ಮನೆವಾರ್ತೆಯ ಮಾತು ಹೇಳುವ ಹಾಗೆ ಹೇಳಿದಳು: "ನಿಮ್ಮ ತಂಗೀನ್ನ ಬೇಕಾದ್ರ ಕರಕೊಂಡ ಹೋಗಪಾ ತಮ್ಮಾ. ಎರಡ ತಿಂಗಳ ಇರ್ಲಿ, ನಾಕ ತಿಂಗಳ ಇರ್ಲಿ, ನಾ ಏನ ಅನ್ನಂಗಿಲ್ಲ. ಅದ ಮಾತ್ರ ಜಗಲಿ ಬಿಟ್ಟ ಇಳಿಯೂದಿಲ್ಲ."

ನಾನು ಬಾಗಿಲಿನಲ್ಲಿ ನಿಂತಿದ್ದೆ. ಅತ್ತೆಯ ಮಾತಿಗೆ ನನಗೆ ಅಷ್ಟು ನೋವಾಗಲಿಲ್ಲ, ಅವಳು ಆ ಲೆಕ್ಕವನ್ನು ಎಂದೋ ಹಾಕಿದ್ದಳು. ಅಣ್ಣ ಏನು ಹೇಳುತ್ತಾನೆ ಎಂದು ನೋಡಿದೆ. ಒಡಹುಟ್ಟಿದವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಜಗಲಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಸಂತೆಯಲ್ಲಿ ಎರಡು ಹೋರಿಗಳ ನಡುವೆ ನಿಂತವನು ನೋಡುವ ಹಾಗೆ. "ಆಕೀನ್ನ ಕರಕೊಂಡ ಹೋಗಿ ಏನ ಮಾಡ್ಲಿರಿ?" ಎಂದ.

ನನಗೆ ಮೈಯೆಲ್ಲ ಉರಿಯಿತು. ತವರಿಗೂ ಬೇಡ, ಇಲ್ಲಿಗೂ ಬೇಡ. ಇಬ್ಬರಿಗೂ ಬೇಕಾದವನು ಆ ಬೋಳುತಲೆಯವನು. ಆ ರೂಪಾಯಿ ಇಲ್ಲದೆ ನಾನು ಈ ಮನೆಯಲ್ಲಿ ಏನು ಎಂಬುದು ಅವತ್ತೇ ಇತ್ಯರ್ಥವಾಗಿಬಿಡಲಿ ಎನ್ನಿಸಿತು. ಒಳಗೆ ಹೋಗಿ ಜಗಲಿಯಿಂದ ರೂಪಾಯಿ ಎತ್ತಿದೆ. ಟ್ರಂಕಿನಿಂದ ಹಸಿರು ಖಣ ತೆಗೆದು, ಕುಂಕುಮ ಹತ್ತಿದ ಹಾಗೆಯೇ ಅದರಲ್ಲಿ ಗಂಟು ಕಟ್ಟಿ ಅಣ್ಣನ ಕೈಗೆ ಹಾಕಿದೆ. "ತಗೊ. ನಿನ್ನ ಎಣ್ಣಿ ವಾಸನಿ ಇದರಿಂದ ಹೋಗ್ತೈತೇನ ನೋಡು" ಎಂದೆ.

ಅತ್ತೆಯ ಕೈಯಲ್ಲಿ ಅಡಕೊತ್ತು ಹಾಗೇ ನಿಂತಿತು. ಅವಳು ತಡೆಯಲಿಲ್ಲ. ಉಡಿಗೆ ಬಂದದ್ದು ಉಡಿಯವಳದ್ದೇ, ಅದನ್ನು ಅವಳೂ ಬಲ್ಲಳು. ಅಣ್ಣ ಸಿಕ್ಕದ್ದೇ ಸಾಕೆಂದು ಚಪ್ಪಲಿ ಮೆಟ್ಟಿಕೊಂಡ. ಅಂದು ಸಂಜೆ ಅತ್ತೆ ಉಣ್ಣಲಿಲ್ಲ, ನನ್ನ ಜೊತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಮ್ಮ ಮನೆಯವರು ತೊಲೆಗಳ ಕೆಳಗೆ ಬೇಗ ಮಲಗಿದರು.

ಮುಂದೆ ಆದದ್ದನ್ನು ನನಗೆ ಸವಣೂರಿನ ನಮ್ಮ ಓಣಿಯ ಹೆಂಗಸರು ಆಮೇಲೆ ಹೇಳಿದರು. ಅಣ್ಣನಿಗೆ ರೂಪಾಯಿ ಸಿಕ್ಕಿತು, ಆದರೆ ಅವ್ವನ ಮುಖ ನೋಡುವ ಧೈರ್ಯ ಸಿಗಲಿಲ್ಲ. ಬಿರುಗಾಳಿ ಮುಗಿದ ಮೇಲೆ ಹೋದರಾಯಿತು ಎಂದುಕೊಂಡು ಅವನು ಶಿಗ್ಗಾಂವದಲ್ಲೇ ಇಳಿದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸವಣೂರಿನ ವೀಳ್ಯದ ಎಲೆ ವ್ಯಾಪಾರಿಯೊಬ್ಬ ಖಾಲಿ ಬುಟ್ಟಿಗಳ ಜೊತೆ ಊರಿಗೆ ಹೊರಟಿದ್ದ. ಅಣ್ಣ ಅವನ ಕೈಗೆ ಗಂಟು ಕೊಟ್ಟು, "ನಮ್ಮ ತಂಗಿ ಮನಿಯಿಂದ ತಂದೇನಿ, ಅವ್ವನ ಕೈಯಾಗ ಕೊಡು. ಉಳಿದದ್ದನ್ನ ನಾ ನಾಳೆ ಬಂದ ಹೇಳ್ತೇನಿ ಅನ್ನು" ಎಂದನಂತೆ.

ಇಲ್ಲಿ ಒಂದು ಮಾತು ಹೇಳಬೇಕು. ಸವಣೂರಿನ ನಮ್ಮ ಓಣಿಯಲ್ಲಿ ಉಡಿಯ ಖಣ ತವರಿಗೆ ತಿರುಗಿ ಬರುವುದು ಒಂದೇ ಸಂದರ್ಭದಲ್ಲಿ. ಉಡಿ ತುಂಬಿಸಿಕೊಂಡವಳು ಸತ್ತಾಗ.

ಎಲೆ ವ್ಯಾಪಾರಿ ಸಂಜೆಗತ್ತಲಲ್ಲಿ ಗಂಟನ್ನು ಅವ್ವನ ಕೈಗೆ ಕೊಟ್ಟ. ಹಸಿರು ಖಣ, ಒಳಗೆ ಕುಂಕುಮ ಮೆತ್ತಿದ ರೂಪಾಯಿ. "ಏನಾತಪಾ ಆಕೀಗೆ?" ಎಂದು ಅವ್ವ ಕೇಳಿದಳು. ಅವನ ಬಾಯಿ ತುಂಬ ಎಲೆ ಅಡಿಕೆ. ಉಗುಳಲು ಜಾಗ ಕಾಣದೆ ತಲೆ ತಗ್ಗಿಸಿಕೊಂಡು, "ನನಗ ಗೊತ್ತಿಲ್ಲರಿ. ನಿಮ್ಮ ಮಗ ನಾಳೆ ಬಂದ ಹೇಳ್ತಾನಂತ" ಎಂದು ಬುಟ್ಟಿ ಎತ್ತಿಕೊಂಡು ಹೋದ. ಇಷ್ಟು ಸಾಕಲ್ಲ!

ಬೆಳಗಿನ ಮೊದಲ ಬಸ್ಸಿಗೆ ಅವ್ವನ ಜೊತೆ ಅರ್ಧ ಓಣಿಯೇ ಹೊರಟಿತು. ಸಾವಿನ ಮನೆಗೆ ಹೊರಟವರೆಂದು ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟನಂತೆ. ಶಿಗ್ಗಾಂವದಲ್ಲಿ ಬಸ್ಸು ಬದಲಿಸುವಾಗ ಅತ್ತರು. ಹಾನಗಲ್ಲಿನಲ್ಲಿ ಬದಲಿಸುವಾಗ ಮಾತ್ರ, ಹಸಿದ ಹೊಟ್ಟೆಗೆ ಅಳು ಬರುವುದಿಲ್ಲವೆಂದು ಒಬ್ಬ ಹಿರಿಯಾಕೆ ಹೇಳಿದ್ದರಿಂದ, ಅವ್ವನೊಬ್ಬಳನ್ನು ಬಿಟ್ಟು ಎಲ್ಲರೂ ಮಿರ್ಚಿ ಮಂಡಕ್ಕಿ ತಿಂದರು. ಖಾರ ಹೆಚ್ಚಿತ್ತು, ಮುಂದಿನ ದಾರಿಗೆ ಕಣ್ಣೀರಿನ ಚಿಂತೆ ಇರಲಿಲ್ಲ ಎಂದು ಅವರೇ ನನಗೆ ಹೇಳಿದ್ದು.

ನಮ್ಮ ಊರಿಗೆ ಇಳಿದವರೇ ಎದೆ ಬಡಿದುಕೊಳ್ಳುತ್ತ ಓಣಿ ಹೊಕ್ಕರು. ಅಳುವಿನ ದನಿ ಕೇಳಿದರೆ ಮೊದಲು ಅಳಬೇಕು, ಯಾರು ಸತ್ತರು ಎಂದು ಆಮೇಲೆ ಕೇಳಬೇಕು ಎಂಬುದು ನಮ್ಮೂರಿನ ರೀತಿ. ಗಂಡನ ಮನೆಯ ಓಣಿಯ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ಕೂಡಿಕೊಂಡರು. ಅತ್ತೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬೀಗರ ಕಡೆ ಯಾರೋ ಹೋದರು ಎಂದುಕೊಂಡು ಮರ್ಯಾದೆಗೆ ಎದ್ದು ಅಳಲು ನಿಂತಳು. ಅಷ್ಟರಲ್ಲಿ ಅವ್ವ ಅವಳ ಎರಡೂ ತೋಳು ಹಿಡಿದು ಅಲುಗಾಡಿಸಿ ಕೇಳಿದಳು: "ನನ್ನ ಮಗಳನ್ನ ಎಲ್ಲಿ ಇಟ್ಟೀರಿ? ಮಾರಿಯಾದ್ರೂ ತೋರಿಸ್ರಿ ನನಗ."

ನಾನು ಮನೆಯಲ್ಲಿರಲಿಲ್ಲ. ಬೆಳಕು ಹರಿಯುವ ಮೊದಲೇ ಕುಡುಗೋಲು ತೆಗೆದುಕೊಂಡು ಎಮ್ಮೆಗೆ ಹುಲ್ಲು ತರಲು ಹೊಲಕ್ಕೆ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಲು, ಮಾತು ಬಿಟ್ಟಿದ್ದೆವಲ್ಲ. ಅತ್ತೆ ಒಳಮನೆ ನೋಡಿದಳು, ದನದ ಕೊಟ್ಟಿಗೆ ನೋಡಿದಳು. ರಾತ್ರಿಯೆಲ್ಲ ಮಾತಾಡದ ಸೊಸೆ, ಹೊತ್ತೇರಿದರೂ ಮನೆಯಲ್ಲಿಲ್ಲ, ತವರಿನವರು ಆಗಲೇ ಹೆಣ ನೋಡಲು ಬಂದಿದ್ದಾರೆ. ತನಗಿಂತ ಮೊದಲು ಸವಣೂರಿಗೆ ಹೇಗೆ ತಿಳಿಯಿತು ಎಂದು ಅವಳು ಯೋಚಿಸಲಿಲ್ಲ. ಆ ಕಾಲದಲ್ಲಿ ಅತ್ತೆ ಸೊಸೆಯರು ಮಾತು ಬಿಟ್ಟ ಮನೆಗಳಲ್ಲಿ ಬಾವಿ ಎಷ್ಟು ಹತ್ತಿರ ಇರುತ್ತಿತ್ತೆಂದು ಎಲ್ಲ ಹೆಂಗಸರಿಗೂ ಗೊತ್ತಿತ್ತು. ಅವಳು ಮೆಣಸಿನಕಾಯಿ ತುಳಿದುಕೊಂಡು ಓಡಿದಳು.

ನಾನು ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದೆ. ಹೋಗುವಾಗ ಬಾವಿಯಲ್ಲಿ ಮುಖ ತೊಳೆದಾಗ ತಲೆಯ ಸಿಂಬಿಯನ್ನು ಕಟ್ಟೆಯ ಮೇಲೆ ಮರೆತಿದ್ದೆ, ಅದಕ್ಕೇ ಹೊರೆ ತಲೆಗೆ ಒತ್ತುತ್ತಿತ್ತು. ದೂರದಿಂದ ನೋಡಿದರೆ ಬಾವಿಯ ಕಟ್ಟೆಯ ಮೇಲೆ ಯಾರೋ ಹೆಂಗಸು ಬೋರಲಾಗಿ ಮಲಗಿ ಒಳಗೆ ಬಗ್ಗಿದ್ದಾಳೆ. ತಲೆಯ ಮೇಲೆ ಸೆರಗಿಲ್ಲ, ನರೆಗೂದಲು ಬಿಚ್ಚಿದೆ. ಅತ್ತೆಯ ತಲೆಗೂದಲನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಹಾಗಾಗಿ ಗುರುತು ಹತ್ತಲಿಲ್ಲ. ಹತ್ತಿರ ಬಂದಾಗ ದನಿ ಕೇಳಿತು. ನನ್ನ ಸಿಂಬಿಯನ್ನು ಎದೆಗೆ ಒತ್ತಿಕೊಂಡು ಅವಳು ನೀರಿಗೆ ಹೇಳುತ್ತಿದ್ದಳು:

"ಮ್ಯಾಲೆ ಬಾರ ನನ್ನವ್ವ. ಆ ರೂಪಾಯಿ ಸುಟ್ಟ ಬರ್ಲಿ. ನಾ ಮಾತಾಡ್ತೇನಿ, ಬಾ. ಇವತ್ತಿಂದ ನಾನ ಮೊದಲ ಮಾತಾಡ್ತೇನಿ."

ನನಗೆ ಏನೊಂದೂ ಅರ್ಥವಾಗಲಿಲ್ಲ. "ಅತ್ತಿ, ಯಾರ ಬಿದ್ದಾರರಿ?" ಎಂದೆ.

ಅವಳು ತಿರುಗಿದಳು. ನನ್ನ ಮುಖ ನೋಡಿದಳು, ಹುಲ್ಲಿನ ಹೊರೆ ನೋಡಿದಳು. ಎದ್ದು ಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಬಳೆ ಒಡೆದು ಚುಚ್ಚಿತು. ಹಿಡಿದ ಕೈ ಬಿಡದೆ ಹೊಲ ದಾಟಿ, ಓಣಿ ದಾಟಿ, ಬರಿದಲೆಯಲ್ಲೇ ನನ್ನನ್ನು ಎಳೆದುಕೊಂಡು ಮನೆಗೆ ಬಂದಳು.

ನಾವು ಅಂಗಳಕ್ಕೆ ಬಂದಾಗ ಅಳು ಒಮ್ಮೆಲೇ ನಿಂತಿತು. ಒಬ್ಬಾಕೆ ಮಾತ್ರ ಕಣ್ಣು ಮುಚ್ಚಿಕೊಂಡು ನನ್ನ ಗುಣಗಳನ್ನು ಹಾಡುತ್ತಿದ್ದಳು. ಹಾಲಿನಂಥ ಮನಸ್ಸಿನವಳು, ಎದುರುತ್ತರ ಕೊಡದವಳು ಎಂದೆಲ್ಲ. ನನ್ನನ್ನು ಅಷ್ಟು ಹೊಗಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ, ಇನ್ನಷ್ಟು ಕೇಳುವ ಆಸೆಯಿತ್ತು. ಪಕ್ಕದವಳು ತಿವಿದಳು. ಅವ್ವ ಎದ್ದು ಬಂದು ನನ್ನ ಬೆನ್ನಿಗೆ ರಪ್ಪನೆ ಒಂದು ಹೊಡೆದಳು, ಆಮೇಲೆ ಅಪ್ಪಿಕೊಂಡು ನಿಜವಾಗಿ ಅತ್ತಳು. ಯಾರು ಏನು ಕೊಟ್ಟರು, ಯಾರು ಏನು ತಿಳಿದರು ಎಂಬುದೆಲ್ಲ ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಣ್ಣನಿಗೆ ಬೀಳಬೇಕಾದದ್ದು ಅವನಿಗೆ ಮಾರನೆಯ ದಿನ ಬಿತ್ತು, ಅದನ್ನು ನೋಡುವ ಪುಣ್ಯ ಮಾತ್ರ ನನಗೆ ತಪ್ಪಿತು.

ಅವ್ವ ನಡುವಿಗೆ ಸಿಕ್ಕಿಸಿಕೊಂಡಿದ್ದ ಹಸಿರು ಗಂಟು ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. "ಅಕ್ಕಾರ, ಇದನ್ನ ಇದ್ದಲ್ಲೆ ಇಡ್ರಿ. ನಾ ಆಕೀಗೆ ಕೊಟ್ಟದ್ದು."

ಅತ್ತೆ ಜಗಲಿಯ ಕಡೆ ನೋಡಲೂ ಇಲ್ಲ. "ಬ್ಯಾಡರಿ. ನಮಗ ಇದ್ದದ್ದ ಸಾಕು" ಎಂದಳು.

ನನಗೆ ಅಳು ತಡೆಯಲಾಗದೆ, ಏನಾದರೂ ಕೆಲಸ ಹೇಳಿಕೊಂಡು ಒಳಗೆ ಹೋಗಬೇಕು ಎನ್ನಿಸಿತು. ಅಷ್ಟು ಜನ ಹೆಂಗಸರು ದೂರದಿಂದ ಬಂದಿದ್ದರು, ಎಲ್ಲರೂ ಹಸಿದಿದ್ದರು. ಅತ್ತೆ ಇನ್ನೂ ನನ್ನ ಮುಂಗೈ ಹಿಡಿದುಕೊಂಡೇ ಕೂತಿದ್ದಳು.

"ಕೈ ಬಿಡ್ರಿ ಅತ್ತಿ. ಇಷ್ಟ ಮಂದಿಗೆ ರೊಟ್ಟಿ ಬಡೀಬೇಕು" ಎಂದೆ.

"ಅವರ ಬಡೀಲಿ" ಎಂದಳು ಅತ್ತೆ. ಕೈ ಬಿಡಲಿಲ್ಲ.